ಗಂಟು ಕಾಯುವ ಲೆಕ್ಕ

ನಾವು ಹುಡುಗರಾಗಿದ್ದ ಕಾಲದಲ್ಲಿ ಸಂಜೆಯ ಬಾನುಲಿಯಲ್ಲಿ ಪೇಟೆ ಧಾರಣೆ ಬರುತ್ತಿತ್ತು. ಹತ್ತಿ ಇಷ್ಟು, ಶೇಂಗಾ ಇಷ್ಟು, ಬೆಲ್ಲ ಇಷ್ಟು ಎಂದು ಏರಿಳಿತವಿಲ್ಲದ ಧ್ವನಿಯಲ್ಲಿ ಓದಿ ಮುಗಿಸುತ್ತಿದ್ದರು. ಮನೆಯ ಹಿರಿಯರು ಅದನ್ನು ಕೇಳಿ, ಎಲೆಯಡಿಕೆ ಹಾಕಿಕೊಂಡು, ಮಾಲನ್ನು ನಾಳೆಯೇ ಪೇಟೆಗೆ ಸಾಗಿಸುವುದೋ ಇನ್ನೆಂಟು ದಿನ ತಡೆಯುವುದೋ ಎಂದು ಯೋಚನೆ ಮಾಡುತ್ತಿದ್ದರು. ಧಾರಣೆಗೂ ತೀರ್ಮಾನಕ್ಕೂ ನಡುವೆ ಒಂದು ರಾತ್ರಿಯ ಅಂತರವಿತ್ತು. ಈಗ ಆ ಅಂತರ ಉಳಿದಿಲ್ಲ. ಅಂಗೈಯಲ್ಲಿರುವ ಮೊಬೈಲಿನಲ್ಲಿ ಧಾರಣೆ ಕಣ್ಣೆವೆ ಇಕ್ಕುವುದರೊಳಗೆ ಬದಲಾಗುತ್ತದೆ. ನೋಡಿದ ಕೈಯೇ ಮರುಗಳಿಗೆಯಲ್ಲಿ ಕೊಳ್ಳುತ್ತದೆ, ಮಾರುತ್ತದೆ. ಇದರಿಂದ ಅನುಕೂಲವಾಗಿಲ್ಲವೆಂದು ಹೇಳುವಂತಿಲ್ಲ. ಆದರೆ ಹಿರಿಯರ ಆ ಒಂದು ರಾತ್ರಿ ಮಾಡುತ್ತಿದ್ದ ಕೆಲಸವನ್ನು ಈಗ ಬೇರೆ ಏನಾದರೂ ಮಾಡಲೇಬೇಕಾಗಿದೆ.

ಹಣ ಗಳಿಸುವ ವಿದ್ಯೆಯನ್ನು ಹೇಳಿಕೊಡುವವರು ಇಂದು ಬೀದಿಗೊಬ್ಬರಿದ್ದಾರೆ. ಗಳಿಸಿದ ಗಂಟನ್ನು ಕಾಯುವ ವಿದ್ಯೆಯನ್ನು ಹೇಳಿಕೊಡುವವರು ಕಡಮೆ. ಈ ಲೇಖನ ಎರಡನೆಯ ವಿದ್ಯೆಗೆ ಸಂಬಂಧಿಸಿದುದು. ನಾನು ಹಣಕಾಸಿನ ಪಂಡಿತನಲ್ಲ, ಕನ್ನಡ ಪಂಡಿತ. ಆದರೆ ಇದಕ್ಕೆ ಬೇಕಾದ ಗಣಿತ ಶಾಲೆಯ ಏಳನೆಯ ತರಗತಿಯನ್ನು ಮೀರಿದ್ದಲ್ಲ. ಕಲಿಯುವುದು ಸುಲಭ, ಕಲಿತಂತೆ ನಡೆಯುವುದೇ ಕಷ್ಟ. ಏಕೆ ಕಷ್ಟವೆಂಬುದನ್ನೂ ನೋಡೋಣ.

ಮೊದಲು ನಡೆದ ಸಂಗತಿಯೊಂದನ್ನು ಹೇಳುತ್ತೇನೆ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಬೆಳಗ್ಗೆ ಮನೆಗೆ ಬಂದ. ಚುರುಕು ಹುಡುಗ, ಖಾಸಗಿ ನೌಕರಿಯಲ್ಲಿದ್ದಾನೆ. ಕಾಫಿ ಮುಗಿಯುವವರೆಗೂ ಊರಿನ ಮಾತಾಡಿ ಆಮೇಲೆ ಕೈಚೀಲದಿಂದ ಒಂದು ಕಾಗದ ತೆಗೆದ. ಸಹಕಾರ ಸಂಘವೊಂದರಲ್ಲಿ ಒಂದು ಲಕ್ಷ ರೂಪಾಯಿ ಸಾಲಕ್ಕೆ ನಾನು ಜಾಮೀನು ಹಾಕಬೇಕಾಗಿತ್ತು. ಯಾವ ಖರ್ಚಿಗೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ. ತನ್ನ 40 ಸಾವಿರ ರೂಪಾಯಿಯಿಂದ ಷೇರುಪೇಟೆಯ ವಾಯಿದೆ ವಹಿವಾಟನ್ನು ಆರಂಭಿಸಿದ್ದನಂತೆ. ಎರಡು ತಿಂಗಳಲ್ಲಿ ಅದು 62 ಸಾವಿರವಾಯಿತು. ಧೈರ್ಯ ಬಂದು, ತಂದೆಯ ನಿವೃತ್ತಿಯ ಇಡುಗಂಟಿನಿಂದ 3 ಲಕ್ಷ ತೆಗೆದು ಹಾಕಿದ. ಅದು ಕರಗತೊಡಗಿದಾಗ ಹೋದದ್ದನ್ನು ತರಲೆಂದು 2 ಲಕ್ಷ ಸಾಲ ಎತ್ತಿದ. ಹನ್ನೊಂದು ತಿಂಗಳಲ್ಲಿ ಎಲ್ಲವೂ ಹೋಯಿತು. ತಂದೆಗೆ ಇನ್ನೂ ತಿಳಿದಿರಲಿಲ್ಲ.

"ಮೇಷ್ಟ್ರೇ, ಈ ಒಂದು ಲಕ್ಷ ಸಿಕ್ಕಿದರೆ ಸಾಕು. ಹೋದದ್ದು ವಾಪಸು ಬಂದ ದಿನವೇ ಬಿಟ್ಟುಬಿಡುತ್ತೇನೆ" ಎಂದ.

ನಾನು ಕಾಗದವನ್ನು ಪಕ್ಕಕ್ಕಿಟ್ಟು, ಒಂದು ಹಳೆಯ ನೋಟುಪುಸ್ತಕ ಮತ್ತು ಪೆನ್ಸಿಲನ್ನು ಅವನ ಮುಂದೆ ಇಟ್ಟೆ. ಆ ಬೆಳಗ್ಗೆ ನಾವಿಬ್ಬರೂ ಮಾಡಿದ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ನೂರು ರೂಪಾಯಿ ಇದೆಯೆಂದುಕೊಳ್ಳಿ. ಅದರಲ್ಲಿ ಹತ್ತು ಹೋಯಿತು, ಉಳಿದದ್ದು 90. ಮತ್ತೆ ನೂರಾಗಬೇಕಾದರೆ 90ಕ್ಕೆ ಹತ್ತು ಸೇರಬೇಕು, ಎಂದರೆ ಶೇಕಡಾ 11ಕ್ಕಿಂತ ತುಸು ಹೆಚ್ಚು ಲಾಭ ಬರಬೇಕು. ಇದೇನೂ ದೊಡ್ಡ ಭೇದವಲ್ಲ. ನೂರರಲ್ಲಿ 20 ಹೋದರೆ, ಉಳಿದ 80 ಮತ್ತೆ ನೂರಾಗಲು ಶೇಕಡಾ 25 ಬೇಕು. 50 ಹೋದರೆ ಉಳಿದ 50 ಇಮ್ಮಡಿಯಾಗಬೇಕು, ಎಂದರೆ ಶೇಕಡಾ 100 ಲಾಭ ಬೇಕು. 75 ಹೋದರೆ ಉಳಿದದ್ದು ನಾಲ್ಕು ಪಟ್ಟಾಗಬೇಕು. ಲಾಭ ಶೇಕಡಾ 300. 90 ಹೋದರೆ ಹತ್ತು ಪಟ್ಟು. ಲಾಭ ಶೇಕಡಾ 900. ಇಳಿಯುವಾಗ ಮೆಟ್ಟಿಲುಗಳು ಸಮನಾಗಿದ್ದಂತೆ ಕಾಣುತ್ತವೆ. ಹಿಂತಿರುಗಿ ಹತ್ತಹೊರಟಾಗ ಒಂದಕ್ಕಿಂತ ಒಂದು ಎತ್ತರವಾಗುತ್ತ ಹೋಗುತ್ತವೆ.

ಇದರಿಂದ ತಿಳಿಯಬೇಕಾದುದು ಇಷ್ಟು: ಸಣ್ಣ ನಷ್ಟ ವಾಸಿಯಾಗುವ ಗಾಯ, ದೊಡ್ಡ ನಷ್ಟ ಅಂಗವನ್ನೇ ಕತ್ತರಿಸಿದಂತೆ. ಆದಕಾರಣ ಹಣದ ವಿಷಯದಲ್ಲಿ 'ಎಷ್ಟು ಬಂದೀತು?' ಎಂಬ ಪ್ರಶ್ನೆಗಿಂತ 'ಎಷ್ಟು ಹೋದೀತು? ಅಷ್ಟು ಹೋದರೆ ನಾನು ಮತ್ತೆ ಎದ್ದು ನಿಲ್ಲಬಲ್ಲೆನೆ?' ಎಂಬ ಪ್ರಶ್ನೆ ಮೊದಲು ಬರತಕ್ಕದ್ದು. ರೈತನು ಎಂಥ ಬರದಲ್ಲಿಯೂ ಬಿತ್ತನೆಯ ಕಾಳನ್ನು ಅಟ್ಟದ ಮೇಲೆ ಬೇರೆ ಕಟ್ಟಿಡುತ್ತಾನೆ. ಬೆಳೆ ಹೋದರೆ ಒಂದು ವರ್ಷ ಹೋಯಿತು. ಬೀಜ ಹೋದರೆ ಬರುವ ವರ್ಷವೂ ಹೋಯಿತು.

ಹಾಗಾದರೆ ಬುದ್ಧಿವಂತರೂ ಬೀಜದ ಕಾಳಿಗೆ ಕೈ ಹಾಕುವುದೇಕೆ? ಇದಕ್ಕೆ ಉತ್ತರ ಮಹಾಭಾರತದ ಸಭಾಪರ್ವದಲ್ಲಿದೆ. ಗಮಕದಲ್ಲಿ ದ್ಯೂತಪ್ರಸಂಗವನ್ನು ನೀವು ಎಷ್ಟೋ ಸಲ ಕೇಳಿರಬಹುದು. ಈ ಸಲ ಪಣದ ಕ್ರಮವನ್ನು ಮಾತ್ರ ಗಮನಿಸಿರಿ. ಧರ್ಮರಾಯ ಮೊದಲಿಗೆ ರಾಜ್ಯವನ್ನು ಒಡ್ಡಲಿಲ್ಲ. ಮೊದಲು ಒಡ್ಡಿದ್ದು ಮುತ್ತು ರತ್ನ. ಅದು ಹೋಯಿತು, ಅನಂತರ ಭಂಡಾರ, ರಥ, ದಾಸದಾಸಿಯರು, ಆನೆ ಕುದುರೆ, ನಗರ, ನಾಡು, ತಮ್ಮಂದಿರು, ತಾನು, ಕಡೆಗೆ ದ್ರೌಪದಿ. ಪ್ರತಿಯೊಂದು ಪಣವೂ ಹಿಂದಿನ ಸೋಲನ್ನು ಅಳಿಸುವ ಆಸೆಯಿಂದ ಒಡ್ಡಿದ್ದು, ಬರಬರುತ್ತ ದೊಡ್ಡದಾದದ್ದು. ನಡುವೆ ವಿದುರ ಬೇಡವೆಂದು ಹೇಳಿದ. ಆ ಮಾತು ಯಾರ ಕಿವಿಗೂ ಹೋಗಲಿಲ್ಲ. ಧರ್ಮರಾಯ ದಡ್ಡನಲ್ಲ, ದುಷ್ಟನೂ ಅಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಕೂರುವ ಮೊದಲೇ ಗೊತ್ತುಮಾಡಿಕೊಳ್ಳದೆ ಕುಳಿತದ್ದೇ ಅವನ ತಪ್ಪು. ಅದಕ್ಕಿಂತ ವಿಚಿತ್ರವಾದುದು ಮುಂದಿನ ಸಂಗತಿ. ದ್ರೌಪದಿಗೆ ಕೊಟ್ಟ ವರಗಳ ಮೇಲೆ ಧೃತರಾಷ್ಟ್ರ ಅವರಿಗೆ ಹೋದದ್ದೆಲ್ಲವನ್ನೂ ಹಿಂದಕ್ಕೆ ಕೊಟ್ಟು ಕಳುಹಿಸಿದ. ಆದರೂ ದಾರಿಯಿಂದ ಕರೆ ಬಂದೊಡನೆ ಧರ್ಮರಾಯ ಹಿಂತಿರುಗಿ ಎರಡನೆಯ ಸಲ ಪಗಡೆಗೆ ಕುಳಿತ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಗಂಟುಬಿತ್ತು.

ನನ್ನ ಶಿಷ್ಯನಿಗೆ ಇದನ್ನು ನೆನಪಿಸಿ, "ಹೋದದ್ದು ವಾಪಸು ಬಂದ ದಿನ ಬಿಡುತ್ತೇನೆ ಎಂದೆಯಲ್ಲ, ಧರ್ಮರಾಯನಿಗೆ ಹೋದದ್ದೆಲ್ಲ ವಾಪಸು ಬಂದಿತ್ತು. ಬಿಟ್ಟನೇನಪ್ಪ?" ಎಂದು ಕೇಳಿದೆ. ಅವನು ಉತ್ತರ ಹೇಳಲಿಲ್ಲ.

ಸೋತಾಗಲೆಲ್ಲ ಪಣವನ್ನು ಇಮ್ಮಡಿ ಮಾಡಿದರೆ ಒಂದಲ್ಲ ಒಂದು ಸಲ ಗೆದ್ದೇ ಗೆಲ್ಲುತ್ತೇವೆ, ಆಗ ಎಲ್ಲವೂ ಸರಿಯಾಗುತ್ತದೆ ಎಂದು ವಾದಿಸುವವರೂ ಇದ್ದಾರೆ. ಅದನ್ನೂ ಎಣಿಸಿ ನೋಡಬಹುದು. ಮೊದಲ ಪಣ 100 ರೂಪಾಯಿ, ಸೋತರೆ 200, ಮತ್ತೆ ಸೋತರೆ 400. ಹೀಗೆ ಹತ್ತು ಸಲ ಸೋತರೆ ಒಟ್ಟು ಹೋದದ್ದು 1,02,300 ರೂಪಾಯಿ. ಹನ್ನೊಂದನೆಯ ಪಣಕ್ಕೆ 1,02,400 ರೂಪಾಯಿ ಕೈಯಲ್ಲಿರಬೇಕು. ಅದನ್ನು ಗೆದ್ದರೆ ಆಗುವ ಒಟ್ಟು ಲಾಭವಾದರೂ ಎಷ್ಟು? ಕೇವಲ 100 ರೂಪಾಯಿ. ನೂರು ರೂಪಾಯಿಗಾಗಿ ಎರಡು ಲಕ್ಷವನ್ನು ಒಡ್ಡಿದಂತಾಯಿತು.

ಇನ್ನು ಈ ವಾಯಿದೆ ವಹಿವಾಟೆಂದರೇನು ಎಂಬುದನ್ನು ತಿಳಿಯದವರಿಗಾಗಿ ಎರಡು ಮಾತು. ಒಂದು ಮನೆಯನ್ನು ಇನ್ನೊಂದು ತಿಂಗಳೊಳಗೆ 20 ಲಕ್ಷಕ್ಕೆ ಕೊಳ್ಳುವ ಹಕ್ಕಿಗಾಗಿ ಮನೆಯವರಿಗೆ 10 ಸಾವಿರ ಕೊಟ್ಟಿರಿ ಎಂದುಕೊಳ್ಳಿ. ಮನೆಯ ಬೆಲೆ 21 ಲಕ್ಷಕ್ಕೆ ಏರಿದರೆ ನಿಮ್ಮ ಹಕ್ಕಿಗೆ ಬೆಲೆ ಬಂತು. ಏರದಿದ್ದರೆ ತಿಂಗಳು ಮುಗಿದ ದಿನ ಆ 10 ಸಾವಿರ ಪೂರ್ತಿಯಾಗಿ ಹೋಯಿತು. ಷೇರುಪೇಟೆಯಲ್ಲಿ ಆಪ್ಷನ್ ಕೊಳ್ಳುವುದು ಸುಮಾರಾಗಿ ಈ ಬಗೆಯದು. ಷೇರನ್ನೇ ಕೊಂಡಿದ್ದರೆ ಬೆಲೆ ಇಳಿದರೂ ಷೇರು ಕೈಯಲ್ಲಿರುತ್ತದೆ. ಇಲ್ಲಿ ಗಡುವು ಮುಗಿದಾಗ ಕೈಯಲ್ಲಿ ಏನೂ ಉಳಿಯದೆ ಹೋಗಬಹುದು. ಆಪ್ಷನನ್ನು ಮಾರುವವನ ಪಾಡು ಇನ್ನೂ ಅಪಾಯದ್ದು. ಅವನಿಗೆ ಬರುವುದು ಗೊತ್ತಾದ ಚಿಕ್ಕ ಮೊತ್ತ, ಹೋಗಬಹುದಾದುದು ಅದರ ಎಷ್ಟೋ ಪಟ್ಟು.

ಇದರ ಫಲವನ್ನು ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯೇ ಲೆಕ್ಕ ಹಾಕಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟಿನಲ್ಲಿ ತೊಡಗಿದ್ದ ಒಂದು ಕೋಟಿಗೂ ಮೇಲ್ಪಟ್ಟ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದ್ದರು. ಖರ್ಚುವೆಚ್ಚ ಸೇರಿ ಅವರ ಸರಾಸರಿ ನಷ್ಟ ತಲೆಗೆ ಸುಮಾರು 2 ಲಕ್ಷ ರೂಪಾಯಿ. ಮೂರು ವರ್ಷಗಳ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನೂರು ಮಕ್ಕಳಲ್ಲಿ 93 ಮಕ್ಕಳು ನಪಾಸಾಗುವ ಶಾಲೆಗೆ ನಾವು ನಮ್ಮ ಮಗುವನ್ನು ಸೇರಿಸುತ್ತೇವೆಯೆ? ಸೇರಿಸುವವನೂ ಒಂದು ಧೈರ್ಯದಿಂದ ಸೇರಿಸುತ್ತಾನೆ: 'ನನ್ನ ಮಗು ಉಳಿದ ಏಳರಲ್ಲಿ ಒಂದು' ಎಂಬ ಧೈರ್ಯ. ಆ 93 ಮಂದಿಗೂ ಇದೇ ಧೈರ್ಯವಿತ್ತೆಂಬುದನ್ನು ಮರೆಯಬಾರದು.

ಮಹಾಭಾರತದಲ್ಲಿ ಸೋಲಿನ ಕಥೆ ಮಾತ್ರವಲ್ಲ, ಕಲಿಕೆಯ ಕಥೆಯೂ ಇದೆ. ವನಪರ್ವದಲ್ಲಿ ಬೃಹದಶ್ವ ಮುನಿ ಧರ್ಮರಾಯನಿಗೆ ನಳನ ಕಥೆಯನ್ನು ಹೇಳುತ್ತಾನೆ. ನಮ್ಮ ಕನಕದಾಸರು 'ನಳಚರಿತ್ರೆ'ಯಲ್ಲಿ ಕನ್ನಡಿಸಿದ್ದು ಈ ನಳನ ಕಥೆಯನ್ನೇ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ನಳ ವೇಷ ಮರೆಸಿಕೊಂಡು ಋತುಪರ್ಣ ರಾಜನಿಗೆ ಸಾರಥಿಯಾಗಿರುತ್ತಾನೆ. ರಥ ಹೋಗುತ್ತಿರುವಾಗ ಋತುಪರ್ಣ ದಾರಿಯ ಒಂದು ತಾರೆಮರವನ್ನು ನೋಡಿ ಅದರ ಎಲೆ ಎಷ್ಟು, ಕಾಯಿ ಎಷ್ಟು ಎಂದು ಹೇಳಿಬಿಡುತ್ತಾನೆ. ನಳ ನಂಬದೆ ಇಳಿದು ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆಗ ತನ್ನ ಅಶ್ವವಿದ್ಯೆಗೆ ಪ್ರತಿಯಾಗಿ ಅವನಿಂದ 'ಅಕ್ಷಹೃದಯ'ವನ್ನು ಪಡೆಯುತ್ತಾನೆ. ಆ ವಿದ್ಯೆ ಬಂದೊಡನೆ ಕಲಿಪುರುಷ ಅವನ ಮೈಬಿಟ್ಟು ಹೊರಡುತ್ತಾನೆ. ಅಕ್ಷಹೃದಯವೆಂದರೆ ದಾಳದ ಒಳಮರ್ಮ. ಅದರ ಜೊತೆಯಲ್ಲಿಯೇ ಬಂದದ್ದು ಎಣಿಕೆಯ ವಿದ್ಯೆ. ಎಣಿಕೆ ಮನಸ್ಸಿನೊಳಕ್ಕೆ ಬಂದರೆ ಕಲಿಗೆ ಅಲ್ಲಿ ಜಾಗವಿಲ್ಲವೆಂಬ ಅರ್ಥವನ್ನು ನಾನು ಈ ಕಥೆಯಿಂದ ತೆಗೆದುಕೊಂಡಿದ್ದೇನೆ.

ಆ ಎಣಿಕೆಯನ್ನು ಮನೆಯಿಂದಲೇ ಆರಂಭಿಸಬೇಕು. ಒಂದು ಸಂಸಾರದ ಹಣವನ್ನು ನಾಲ್ಕು ಡಬ್ಬಿಗಳಾಗಿ ಭಾವಿಸಿಕೊಳ್ಳಿ. ಮೊದಲನೆಯದು ತಿಂಗಳ ಡಬ್ಬಿ: ಬಾಡಿಗೆ, ದಿನಸಿ, ಹಾಲು, ಶಾಲೆಯ ಫೀಜು, ಕರೆಂಟು. ಎರಡನೆಯದು ಆಪತ್ತಿನ ಡಬ್ಬಿ: ನೌಕರಿ ಹೋದರೆ, ಆಸ್ಪತ್ರೆಗೆ ಸೇರಿದರೆ, ಆರು ತಿಂಗಳ ಸಂಸಾರ ನಡೆಯುವಷ್ಟು. ಮೂರನೆಯದು ಗೊತ್ತಾದ ಕಾರ್ಯಗಳ ಡಬ್ಬಿ: ಮಗಳ ಓದು, ಮದುವೆ, ಮನೆ, ಮುಪ್ಪು. ನಾಲ್ಕನೆಯದು, ಇವು ಮೂರೂ ತಕ್ಕಮಟ್ಟಿಗೆ ತುಂಬಿದ ಮೇಲೆ ಉಳಿಯುವ ಡಬ್ಬಿ. ಪೇಟೆಯಲ್ಲಿ ಸಾಹಸ ಮಾಡಬೇಕೆಂಬ ಮನಸ್ಸಿದ್ದರೆ ನಾಲ್ಕನೆಯದರಿಂದ ಮಾತ್ರ ಮಾಡಬೇಕು. ನನ್ನ ಶಿಷ್ಯ ಆರಂಭಿಸಿದ್ದು ನಾಲ್ಕನೆಯ ಡಬ್ಬಿಯಿಂದ. ಕೈ ಹಾಕಿದ್ದು ತಂದೆಯ ಮೂರನೆಯ ಡಬ್ಬಿಗೆ. ಕಡೆಗೆ ಹಾಕಿದ್ದು ಯಾವ ಡಬ್ಬಿಯಲ್ಲೂ ಇಲ್ಲದ ಸಾಲದ ಹಣವನ್ನು.

ಸಾಲವಿದ್ದ ಮನೆಯಲ್ಲಿ ಈ ಡಬ್ಬಿಗಳು ತುಂಬುವುದಿಲ್ಲ, ತಳದಲ್ಲಿ ತೂತಿರುತ್ತದೆ. ನಮ್ಮ ಭಾಷೆಯಲ್ಲಿ 'ಸಾಲ' ಎಂಬ ಮಾತೂ 'ಸಾಲದು' ಎಂಬ ಮಾತೂ ಕಿವಿಗೆ ಒಂದೇ ಮನೆಯವುಗಳಂತೆ ಕೇಳುವುದು ವಿನೋದವಾದರೂ ಯೋಚಿಸತಕ್ಕದ್ದು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ ಬೀಳುತ್ತದೆಯೆಂದು ಇಟ್ಟುಕೊಳ್ಳಿ. 10 ಸಾವಿರದ ಬಾಕಿ, ಬಡ್ಡಿಗೆ ಬಡ್ಡಿ ಸೇರಿ, ವರ್ಷಕ್ಕೆ ಸುಮಾರು 15,100 ಆಗುತ್ತದೆ. ವರ್ಷಕ್ಕೆ ಶೇಕಡಾ 51ರಷ್ಟು ಲಾಭವನ್ನು ಖಂಡಿತವಾಗಿ ತರುವ ಷೇರು ಯಾವುದೂ ಇಲ್ಲ. ಆದ್ದರಿಂದ ಇಂಥ ಸಾಲವಿರುವವರಿಗೆ ಅದನ್ನು ತೀರಿಸುವುದೇ ಎಲ್ಲಕ್ಕಿಂತ ಒಳ್ಳೆಯ ಹೂಡಿಕೆ.

ಆಪತ್ತಿನ ಡಬ್ಬಿಯನ್ನು ತುಂಬುವ ಬಗೆಯನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಯಾದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. ಅದರ ಸ್ಥಾಪಕರಲ್ಲಿ ಒಬ್ಬರು ಡಾ. ಟಿ. ಎಂ. ಎ. ಪೈ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆಬಾಗಿಲಿಗೆ ಬ್ಯಾಂಕಿನ ಏಜೆಂಟನೇ ಹೋಗಿ ಹಣ ಪಡೆದು ಬರೆದುಕೊಳ್ಳುವ ಏರ್ಪಾಡು ಅದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮ ಊರುಗಳ ಅಂಗಡಿಬೀದಿಗಳಲ್ಲಿ ಇನ್ನೂ ಉಳಿದಿದೆ. ಇದರ ಗುಟ್ಟು ಬಡ್ಡಿಯಲ್ಲಿರಲಿಲ್ಲ. ಉಳಿತಾಯವನ್ನು ಖರ್ಚಿಗಿಂತ ಮೊದಲು ಕೈಯಿಂದ ತೆಗೆಸುವುದರಲ್ಲಿತ್ತು. ಇಂದು ಸಂಬಳ ಬಂದ ದಿನವೇ ಒಂದು ಮೊತ್ತ ತಾನಾಗಿ ಆವರ್ತ ಠೇವಣಿಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟರೆ ಅದೇ ಕೆಲಸವಾಗುತ್ತದೆ. ದಿನಕ್ಕೆ 50 ರೂಪಾಯಿಯಂತೆ ತಿಂಗಳಿಗೆ 1,500 ಉಳಿಸಿದರೆ ಹತ್ತು ವರ್ಷಕ್ಕೆ ಕಟ್ಟಿದ್ದು 1,80,000. ವರ್ಷಕ್ಕೆ ಶೇಕಡಾ 6ರ ಬಡ್ಡಿ ತಿಂಗಳು ತಿಂಗಳೂ ಸೇರುತ್ತ ಹೋದರೆ ಅದು ಸುಮಾರು 2,45,000 ಆಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ಬೇರೆ ಟೀಕೆ ಬೇಕೆ?

ಇಲ್ಲಿಯೂ ಕಾವಲು ಬೇಕು. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ವಿಮೆಯಿಂದ ಸಿಗುವ ಮೊತ್ತವನ್ನು 2020ರ ಫೆಬ್ರವರಿ 4ರಿಂದ 1 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಗಿದೆ. ಇದು ಒಂದು ಬ್ಯಾಂಕಿನಲ್ಲಿ ಒಬ್ಬನಿಗೆ, ಅಸಲು ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಇಟ್ಟರೂ ಲೆಕ್ಕ ಒಂದೇ. ಈ ವಿಮೆ ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಉಂಟು. ಬ್ಯಾಂಕಲ್ಲದ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬಡ್ಡಿ ಅರ್ಧ ಪರ್ಸೆಂಟು ಹೆಚ್ಚೆಂದು ಮುಪ್ಪಿನ ಗಂಟನ್ನೆಲ್ಲ ಒಂದೇ ಕಡೆ ಇಡುವ ಮೊದಲು ಇದನ್ನು ವಿಚಾರಿಸಿಕೊಳ್ಳಬೇಕು.

'ಹಾಗಾದರೆ ಎಲ್ಲವನ್ನೂ ಠೇವಣಿಯಲ್ಲಿಟ್ಟು ಕೂರೋಣವೆ?' ಎಂದು ನೀವು ಕೇಳಬಹುದು. ಅದೂ ಪೂರ್ತಿ ಸರಿಯಲ್ಲ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರುತ್ತ ಹೋದರೆ, 72ನ್ನು 6ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 12 ವರ್ಷಗಳಲ್ಲಿ, ಅವು ಇಮ್ಮಡಿಯಾಗುತ್ತವೆ. ನಮ್ಮ ನೂರು ರೂಪಾಯಿ ಐವತ್ತರ ಕೆಲಸ ಮಾಡುತ್ತದೆ. ಆದ್ದರಿಂದ ಹತ್ತು ಹದಿನೈದು ವರ್ಷ ಮುಟ್ಟಬೇಕಾಗಿಲ್ಲದ ಹಣದ ಒಂದು ಭಾಗವನ್ನು ಒಳ್ಳೆಯ ಕಂಪನಿಗಳ ಷೇರುಗಳಲ್ಲೋ ಮ್ಯೂಚುಯಲ್ ಫಂಡುಗಳಲ್ಲೋ ತೊಡಗಿಸುವುದು ವಿವೇಕವೇ. ಅದು ಮರ ನೆಡುವ ಕೆಲಸ. ನಾನು ಎಚ್ಚರಿಸುತ್ತಿರುವುದು ದಿನದಿನದ ಕೊಡುಕೊಳ್ಳುವಿಕೆಯನ್ನು ಕುರಿತು.

ಅದನ್ನೂ ಮಾಡಿಯೇ ತೀರುತ್ತೇನೆನ್ನುವವರಿಗೆ ವ್ಯಾಪಾರಬಲ್ಲವರು ಪಾಲಿಸುವ ಒಂದು ಕಟ್ಟಳೆಯುಂಟು: ಒಂದು ವ್ಯವಹಾರದಲ್ಲಿ ಬಂಡವಾಳದ ಶೇಕಡಾ 1 ಅಥವಾ ಹೆಚ್ಚೆಂದರೆ 2ಕ್ಕಿಂತ ಹೆಚ್ಚು ಕಳೆದುಕೊಳ್ಳತಕ್ಕದ್ದಲ್ಲ. ಉದಾಹರಣೆಗೆ, ನಾಲ್ಕನೆಯ ಡಬ್ಬಿಯಲ್ಲಿ 1 ಲಕ್ಷ ಇದೆ. ಶೇಕಡಾ 2 ಎಂದರೆ 2,000 ರೂಪಾಯಿ. ಒಂದು ಷೇರಿನ ಬೆಲೆ 500. ಅದು 480ಕ್ಕೆ ಇಳಿದರೆ ನನ್ನ ಎಣಿಕೆ ತಪ್ಪಿತೆಂದು ಒಪ್ಪಿ ಮಾರಿಬಿಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡಿರಿ. ಆಗ ಷೇರೊಂದಕ್ಕೆ ಹೋಗಬಹುದಾದುದು 20 ರೂಪಾಯಿ. 2,000ವನ್ನು 20ರಿಂದ ಭಾಗಿಸಿದರೆ 100. ನೀವು ಕೊಳ್ಳಬಹುದಾದುದು ನೂರು ಷೇರು, ಅದಕ್ಕಿಂತ ಹೆಚ್ಚಲ್ಲ. ಎಷ್ಟು ಕೊಳ್ಳಬೇಕೆಂಬುದನ್ನು ಉತ್ಸಾಹ ಹೇಳಬಾರದು. ಎಷ್ಟು ಹೋದರೆ ತಡೆದೀತೆಂಬುದು ಹೇಳಬೇಕು. ಮಾರುವ ಬೆಲೆಯನ್ನು ಮೊದಲೇ ಬರೆದಿಡುವ ಈ ಏರ್ಪಾಡಿಗೆ ಪೇಟೆಯವರು ಸ್ಟಾಪ್ ಲಾಸ್ ಎನ್ನುತ್ತಾರೆ. ಇದೂ ವಜ್ರಕವಚವಲ್ಲ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಗ್ಗೆ ಪೇಟೆ 460ರಲ್ಲೇ ತೆರೆದರೆ 480 ಸಿಗುವುದಿಲ್ಲ. ಅದಕ್ಕಾಗಿಯೇ ಶೇಕಡಾ 2ಕ್ಕಿಂತ 1 ಲೇಸು.

ಈ ಕಟ್ಟಳೆಯ ಬಲವನ್ನು ನೋಡಿ. ಸತತವಾಗಿ ಹತ್ತು ಸಲ ಸೋತಿರೆಂದು ತಿಳಿಯೋಣ. ಇದು ಎಂಥವರಿಗೂ ಆಗಬಹುದಾದ ಸಂಗತಿ. ಪ್ರತಿ ಸಲವೂ ಉಳಿದ ಹಣದ ಶೇಕಡಾ 2 ಹೋದರೆ, ಒಂದು ಲಕ್ಷದಲ್ಲಿ ಸುಮಾರು 81,700 ಉಳಿದಿರುತ್ತದೆ. ಮರಳಿ ಒಂದು ಲಕ್ಷವಾಗಲು ಶೇಕಡಾ 22ರಷ್ಟು ಲಾಭ ಸಾಕು. ಪ್ರತಿ ಸಲವೂ ಶೇಕಡಾ 20 ಹೋದರೆ ಉಳಿಯುವುದು ಸುಮಾರು 10,700. ಮರಳಿ ಲಕ್ಷವಾಗಲು ಶೇಕಡಾ 830ರಷ್ಟು ಬೇಕು. ಆಡಿದವನು ಒಬ್ಬನೇ, ಸೋಲುಗಳೂ ಹತ್ತೇ. ಪಣದ ಅಳತೆ ಮಾತ್ರ ಬೇರೆ.

ಒಂದು ಮಾತನ್ನು ಮುಚ್ಚಿಡಬಾರದು. ಈ ಲೆಕ್ಕ ಸೋಲುವ ಆಟವನ್ನು ಗೆಲ್ಲುವ ಆಟವಾಗಿ ಮಾಡಲಾರದು. ದಲ್ಲಾಳಿಯ ಶುಲ್ಕ, ತೆರಿಗೆ ಮೊದಲಾದ ಖರ್ಚುಗಳು ಪ್ರತಿಯೊಂದು ವ್ಯವಹಾರದಲ್ಲೂ ಒಂದಿಷ್ಟನ್ನು ಕಚ್ಚುತ್ತಲೇ ಇರುತ್ತವೆ. ಕೊಳ್ಳುವುದಕ್ಕೆ ಸರಿಯಾದ ಕಾರಣವೇ ಇಲ್ಲದವನು ಶೇಕಡಾ 1ರ ಕಟ್ಟಳೆಯಲ್ಲಿಯೂ ಸೋಲುತ್ತಾನೆ. ಆದರೆ ನಿಧಾನವಾಗಿ ಸೋಲುತ್ತಾನೆ, ಮನೆಮಾರು ಉಳಿದಿರುವಾಗಲೇ ತಾನು ಸೋಲುತ್ತಿದ್ದೇನೆಂದು ಅರಿತು ಎದ್ದುಹೋಗುವಷ್ಟು ಕಾಲ ಸಿಗುತ್ತದೆ. ಆ ಕಾಲವೇ ಈ ವಿದ್ಯೆಯ ಫಲ.

ಇನ್ನು ಕಲಿತದ್ದನ್ನು ನಡೆಸುವ ಮಾತು. ನನ್ನ ಶಿಷ್ಯನಿಗೆ ಸ್ಟಾಪ್ ಲಾಸ್ ಎಂದರೇನೆಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಬೆಲೆ ಆ ಗೆರೆಗೆ ಇಳಿದಾಗಲೆಲ್ಲ ಅವನೇ ಗೆರೆಯನ್ನು ಕೆಳಕ್ಕೆ ಸರಿಸುತ್ತಿದ್ದನಂತೆ. ನಷ್ಟದ ಮುಂದೆ ಕುಳಿತ ಮನಸ್ಸು ನ್ಯಾಯಾಧೀಶನಲ್ಲ, ಕಕ್ಷಿಗಾರ. ಆದಕಾರಣ ತೀರ್ಪನ್ನು ಮೊದಲೇ ಬರೆದಿಡಬೇಕು. ಕೊಳ್ಳುವ ಮುನ್ನ ಒಂದು ನೋಟುಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ: ಏಕೆ ಕೊಳ್ಳುತ್ತೇನೆ, ಎಷ್ಟು ಕೊಳ್ಳುತ್ತೇನೆ, ಎಲ್ಲಿಗೆ ಇಳಿದರೆ ಬಿಡುತ್ತೇನೆ, ಆಗ ಎಷ್ಟು ಹೋಗುತ್ತದೆ. ಆ ಪುಸ್ತಕವನ್ನು ಮನೆಯಲ್ಲಿ ಇನ್ನೊಬ್ಬರು ತಿಂಗಳಿಗೊಮ್ಮೆ ನೋಡುವಂತಿರಲಿ. ಹೆಂಡತಿಗೋ ಗಂಡನಿಗೋ ತೋರಿಸಲಾಗದ ಲೆಕ್ಕ ಬಂದಾಗ, ಆಟ ಕೈಮೀರಿದೆಯೆಂದು ಬೇರೆ ಯಾರೂ ಹೇಳಬೇಕಾಗಿಲ್ಲ. ನಾಲ್ಕನೆಯ ಡಬ್ಬಿ ಅರ್ಧಕ್ಕೆ ಇಳಿದರೆ ಆರು ತಿಂಗಳು ಪೇಟೆಯ ಕಡೆ ತಲೆ ಹಾಕತಕ್ಕದ್ದಲ್ಲ. ಸಾಲದ ಹಣವನ್ನಂತೂ ಎಂದಿಗೂ ಹಾಕತಕ್ಕದ್ದಲ್ಲ. ಹಿಂದೆ ಧಾರಣೆ ಕೇಳಿದ ಮೇಲೆ ಹಿರಿಯರಿಗೆ ದೊರೆಯುತ್ತಿದ್ದ ಆ ರಾತ್ರಿಯನ್ನು ಈ ನೋಟುಪುಸ್ತಕ ನಮಗೆ ಮರಳಿ ಕೊಡುತ್ತದೆ.

ಅಂದು ನಾನು ಜಾಮೀನಿನ ಕಾಗದಕ್ಕೆ ಸಹಿ ಹಾಕಲಿಲ್ಲ. ಅವನಿಗೆ ಬೇಸರವಾಯಿತು, ನನಗೂ ಕಷ್ಟವಾಯಿತು. ಬದಲಿಗೆ ಇನ್ನೊಂದು ಲೆಕ್ಕ ಹಾಕಿದೆವು. 2 ಲಕ್ಷದ ಸಾಲ, ಉಳಿದ ಅಸಲಿನ ಮೇಲೆ ತಿಂಗಳಿಗೆ ನೂರಕ್ಕೆ 2ರಂತೆ ಬಡ್ಡಿ. ತಿಂಗಳಿಗೆ 5 ಸಾವಿರ ಕಟ್ಟಿದರೆ ತೀರಲು 82 ತಿಂಗಳು ಬೇಕು, ಕಟ್ಟುವ ಒಟ್ಟು ಹಣ 4 ಲಕ್ಷ ದಾಟುತ್ತದೆ. ತಿಂಗಳಿಗೆ 10 ಸಾವಿರ ಕಟ್ಟಿದರೆ 26 ತಿಂಗಳಲ್ಲಿ ತೀರುತ್ತದೆ, ಒಟ್ಟು 2,60,000ಕ್ಕೆ ಒಳಗೆ. ಎರಡನ್ನೂ ಅಕ್ಕಪಕ್ಕದಲ್ಲಿ ಬರೆದದ್ದನ್ನು ಅವನು ತುಂಬ ಹೊತ್ತು ನೋಡಿದ. ಮರುವಾರ ಅವನ ತಂದೆಯವರ ಮುಂದೆ ಆ ನೋಟುಪುಸ್ತಕವನ್ನು ಇಟ್ಟು ಎಲ್ಲವನ್ನೂ ಹೇಳಿದ. ನಾನು ಪಕ್ಕದಲ್ಲಿ ಕುಳಿತಿದ್ದೆ. ಅವರು ಬಯ್ಯಲಿಲ್ಲ. ಕನ್ನಡಕ ಹಾಕಿಕೊಂಡು ಪ್ರತಿಯೊಂದು ಪುಟವನ್ನೂ ಓದಿ, "10 ಸಾವಿರದ್ದೇ ಇರಲಿ" ಎಂದರು. ಸಾಲ ಇನ್ನೂ ತೀರಿಲ್ಲ. ಇಡುಗಂಟು ತುಂಬಲು ವರ್ಷಗಳೇ ಬೇಕು. ಆದರೆ ಈ ತಿಂಗಳವರೆಗೆ ಒಂದು ಕಂತೂ ತಪ್ಪಿಲ್ಲ. ನೋಟುಪುಸ್ತಕ ಈಗ ತಂದೆಯವರ ಮೇಜಿನ ಮೇಲೆಯೇ ಇರುತ್ತದೆ.

ನಳನ ಕಥೆಯನ್ನು ಹೇಳಿ ಮುಗಿಸಿದ ಮೇಲೆ ಬೃಹದಶ್ವ ಮುನಿ ಧರ್ಮರಾಯನಿಗೂ ಅಕ್ಷಹೃದಯವನ್ನು ಉಪದೇಶಿಸಿದನು. ಅವನಿಗೆ ಆ ವಿದ್ಯೆ ದೊರೆತದ್ದು ರಾಜ್ಯ ಹೋಗಿ ಕಾಡು ಸೇರಿದ ಮೇಲೆ. ನಿಮ್ಮ ಮನೆಯಲ್ಲಿ ದುಡಿಯಲು ಹೊರಟ ಮಗನೋ ಮಗಳೋ ಇದ್ದರೆ, ಇಂದು ರಾತ್ರಿ ಊಟವಾದ ಮೇಲೆ ಕಾಗದ ಪೆನ್ಸಿಲು ಹಿಡಿದು ಅವರೊಂದಿಗೆ ಕುಳಿತುಕೊಳ್ಳಿ. ನೂರರಲ್ಲಿ ಐವತ್ತು ಹೋದರೆ ಮತ್ತೆ ನೂರಾಗಲು ಶೇಕಡಾ ಎಷ್ಟು ಲಾಭ ಬೇಕೆಂದು ಕೇಳಿ. ಐವತ್ತು ಎಂಬ ಉತ್ತರ ಬಂದರೆ, ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಬಹುದು.